ಡಬ್ಲಿನ್ನಿನ ಹತ್ತು ಸಾಲಿನ ಫೈಲು

ಮಿರ್‌ಡೆಫ್.ಎಚ್ ಎಂಬ ಫೈಲನ್ನು ತೆರೆದರೆ ಒಳಗೆ ಕಾಣುವುದು ಹತ್ತು ಹನ್ನೆರಡು ಸಾಲು. ಗಣಿತದ ಸೂತ್ರ ಅಲ್ಲಿಲ್ಲ, ರಹಸ್ಯ ಕೀಲಿ ಇಲ್ಲ, ಒಂದು ಕೂಡು-ಕಳೆ ಲೆಕ್ಕವೂ ಇಲ್ಲ. ಈ ಯಂತ್ರದ ಪದ (ಒಂದೇ ಏಟಿಗೆ ಲೆಕ್ಕ ಹಾಕುವ ತುಂಡು) 64 ಬಿಟ್‌ನದು, ಇಲ್ಲಿ ‘ಇಂಟ್’ ಎಂದರೆ 32 ಬಿಟ್, ‘ಲಾಂಗ್’ ಎಂದರೆ 64 ಬಿಟ್, ಈ ಪ್ರೊಸೆಸರ್ ಸಂಖ್ಯೆಯ ಕೊನೆಯ ಬೈಟನ್ನು ಮೊದಲು ಇಡುವ ಲಿಟಲ್ ಎಂಡಿಯನ್ ಜಾತಿಯದು. ಇಂಥ ಒಣ ವಿವರಗಳಷ್ಟೇ. ಆದರೆ ಇದರಲ್ಲಿ ಒಂದಂಕಿ ಆಚೀಚೆಯಾದರೆ ಸಾಕು, ಅದನ್ನೇ ನಂಬಿ ಕೂತಿರುವ ಇಡೀ ಗೂಢಲಿಪಿ ಲೈಬ್ರರಿಯ ಲೆಕ್ಕ ಕೆಡುತ್ತದೆ. ಕೆಲವೊಮ್ಮೆ ಪ್ರೋಗ್ರಾಂ ಕುಸಿದು ಬೀಳುತ್ತದೆ. ಅದು ಅದೃಷ್ಟ. ಕುಸಿಯದೆ, ತಪ್ಪು ಉತ್ತರವನ್ನೇ ಸರಿ ಎಂಬಂತೆ ಕೊಡುತ್ತ ಹೋದರೆ ಅದು ನಿಜವಾದ ಅಪಾಯ.

ಆ ಲೈಬ್ರರಿಯ ಹೆಸರು ಮಿರಾಕಲ್. ಹುಟ್ಟಿದ ಊರು ಐರ್ಲೆಂಡಿನ ರಾಜಧಾನಿ ಡಬ್ಲಿನ್. ಡಬ್ಲಿನ್ ಸಿಟಿ ವಿಶ್ವವಿದ್ಯಾಲಯದ ಕಂಪ್ಯೂಟಿಂಗ್ ವಿಭಾಗದಲ್ಲಿದ್ದ ಮೈಕೆಲ್ ಸ್ಕಾಟ್ ಇದನ್ನು ಬರೆದು, ಶೇಮಸ್ ಸಾಫ್ಟ್‌ವೇರ್ ಎಂಬ ಪುಟ್ಟ ಸಂಸ್ಥೆಯ ಹೆಸರಿನಲ್ಲಿ ಹಂಚಿದರು. ಅದರ ಫೈಲುಗಳ ನೆತ್ತಿಯ ಮೇಲಿನ ಹಕ್ಕುಸ್ವಾಮ್ಯದ ಸಾಲು 1988ರಿಂದ ಶುರುವಾಗುತ್ತದೆ. ನೂರಾರು ಅಂಕಿಗಳ ದೈತ್ಯ ಸಂಖ್ಯೆಗಳನ್ನು ಕೂಡಿ, ಗುಣಿಸಿ, ಭಾಗಿಸಿ ಶೇಷ ತೆಗೆಯುವುದು ಅದರ ಮೂಲ ಕೆಲಸ. ಆಧುನಿಕ ಗೂಢಲಿಪಿ ಶಾಸ್ತ್ರ ನಿಂತಿರುವುದೇ ಈ ಲೆಕ್ಕಗಳ ಮೇಲೆ. ಸ್ಕಾಟ್ ಸ್ವತಃ ಈ ಕ್ಷೇತ್ರದ ಹೆಸರಾಂತ ಸಂಶೋಧಕರು. ಪಾಲೊ ಬರೆಟೊ ಮತ್ತು ಬೆನ್ ಲಿನ್ ಜತೆಗೂಡಿ 2002ರಲ್ಲಿ ಅವರು ಪ್ರಕಟಿಸಿದ ದೀರ್ಘವೃತ್ತೀಯ ವಕ್ರರೇಖೆಗಳ ಕುಟುಂಬವೊಂದು ಮೂವರ ಹೆಸರಿನ ಮೊದಲಕ್ಷರಗಳಿಂದ ಬಿಎಲ್‌ಎಸ್ ಎಂದು ಕರೆಸಿಕೊಳ್ಳುತ್ತದೆ. ಅದೇ ಕುಟುಂಬದ ಬಿಎಲ್‌ಎಸ್12-381 ಇವತ್ತು ಇಥೀರಿಯಂ ಜಾಲದ ಸಹಿಗಳಲ್ಲಿ ಬಳಕೆಯಲ್ಲಿದೆ.

ಇಂಥ ಗಣಿತಜ್ಞರು ಹೆಡರ್ ಫೈಲು, ಬಿಲ್ಡ್ ಸೆಟ್ಟಿಂಗು ಎಂದು ತಲೆ ಕೆಡಿಸಿಕೊಂಡದ್ದೇಕೆ ಎಂಬುದು ಸಹಜ ಪ್ರಶ್ನೆ. ಅದಕ್ಕೆ ಉತ್ತರ ಆ ಹತ್ತು ಸಾಲುಗಳಲ್ಲೇ ಇದೆ.

ಯಂತ್ರದ ಅಳತೆ

ಬ್ಯಾಂಕಿನ ಆ್ಯಪ್ ಬರೆಯುವವರು ಗೂಢಲಿಪಿಯ ಗಣಿತವನ್ನು ತಾವೇ ಬರೆಯಲು ಹೋಗುವುದಿಲ್ಲ, ಹೋಗಬಾರದು ಕೂಡ. ಪಳಗಿದವರು ಬರೆದಿಟ್ಟ ಲೈಬ್ರರಿಯನ್ನು ತಂದು ಜೋಡಿಸಿಕೊಳ್ಳುತ್ತಾರೆ. ಸಿ ಭಾಷೆಯಲ್ಲಿ ಈ ಜೋಡಣೆ ನಡೆಯುವುದು ಹೆಡರ್ ಫೈಲಿನ ಮೂಲಕ. ಲೈಬ್ರರಿಯಲ್ಲಿ ಯಾವ ಫಂಕ್ಷನ್‌ಗಳಿವೆ, ಅವು ಏನನ್ನು ತೆಗೆದುಕೊಂಡು ಏನನ್ನು ಕೊಡುತ್ತವೆ, ಒಂದು ‘ದೊಡ್ಡ ಸಂಖ್ಯೆ’ ಮೆಮೊರಿಯಲ್ಲಿ ಎಷ್ಟು ಜಾಗ ಹಿಡಿಯುತ್ತದೆ ಎಂಬುದನ್ನೆಲ್ಲ ಹೆಡರ್ ಸಾರುತ್ತದೆ. ಬಿಲ್ಡ್ ಕಾನ್ಫಿಗರೇಷನ್ನಿನ ಕೆಲಸ ಬೇರೆ: ಯಾವ ಯಂತ್ರಕ್ಕಾಗಿ, ಯಾವ ಸೌಲಭ್ಯಗಳನ್ನಿಟ್ಟುಕೊಂಡು, ಯಾವುದನ್ನು ಬಿಟ್ಟು ಲೈಬ್ರರಿಯನ್ನು ಕಂಪೈಲ್ ಮಾಡಬೇಕು ಎಂಬ ನಿರ್ಧಾರಗಳು ಅಲ್ಲಿರುತ್ತವೆ. ಮಿರಾಕಲ್‌ನಲ್ಲಿ ಇವೆರಡೂ ಒಂದೆಡೆ ಸೇರುತ್ತವೆ. ಪ್ರೋಗ್ರಾಮರ್ ತನ್ನ ಕೋಡಿಗೆ ಸೇರಿಸಿಕೊಳ್ಳುವುದು ಮಿರಾಕಲ್.ಎಚ್ ಎಂಬ ಮುಖ್ಯ ಹೆಡರನ್ನು. ಅದು ಮಿರ್‌ಡೆಫ್.ಎಚ್ ಅನ್ನು ಒಳಗೆ ಎಳೆದುಕೊಳ್ಳುತ್ತದೆ.

ದರ್ಜಿಯ ಅಳತೆ ಚೀಟಿ ಬದಲಾದರೆ ಬಟ್ಟೆ ಎಷ್ಟೇ ಚೆನ್ನಾಗಿದ್ದರೂ ಅಂಗಿ ಮೈಗೆ ಕೂರುವುದಿಲ್ಲ. ಇಲ್ಲಿಯೂ ಹಾಗೆಯೇ. ಲೈಬ್ರರಿಯನ್ನು ಒಂದು ಮಿರ್‌ಡೆಫ್.ಎಚ್ ಇಟ್ಟುಕೊಂಡು ಕಂಪೈಲ್ ಮಾಡಿ, ಅದನ್ನು ಬಳಸುವ ಆ್ಯಪನ್ನು ಇನ್ನೊಂದನ್ನಿಟ್ಟುಕೊಂಡು ಕಂಪೈಲ್ ಮಾಡಿದರೆ, ಮೆಮೊರಿಯ ಒಂದೇ ತುಂಡನ್ನು ಇಬ್ಬರೂ ಎರಡು ರೀತಿ ಓದುತ್ತಾರೆ. ಅನೇಕ ಸಂದರ್ಭಗಳಲ್ಲಿ ಕಂಪೈಲರ್ ತುಟಿ ಬಿಚ್ಚುವುದಿಲ್ಲ, ಲಿಂಕರ್ ಕೂಡ ಸುಮ್ಮನಿರುತ್ತದೆ. ಎರಡೂ ಫೈಲುಗಳು ಬಿಡಿಬಿಡಿಯಾಗಿ ಸರಿಯಾಗೇ ಇರುತ್ತವಲ್ಲ.

ಒಂದು ಸಾಲನ್ನು ಹತ್ತಿರದಿಂದ ನೋಡೋಣ. 64 ಬಿಟ್‌ನ ಲಿನಕ್ಸ್ ಯಂತ್ರದಲ್ಲಿ ಸಿ ಭಾಷೆಯ ‘ಲಾಂಗ್’ 64 ಬಿಟ್‌ನದು. ಅದೇ ಚಿಪ್ಪಿನ ಮೇಲೆ 64 ಬಿಟ್ ವಿಂಡೋಸ್ ಹಾಕಿದರೆ ಅದೇ ‘ಲಾಂಗ್’ ಬರೀ 32 ಬಿಟ್. ಚಿಪ್ ಬದಲಾಗಲಿಲ್ಲ, ಕೋಡ್ ಬದಲಾಗಲಿಲ್ಲ, ಆದರೂ ಸಂಖ್ಯೆಯ ಅರ್ಧ ಭಾಗಕ್ಕೆ ಜಾಗವೇ ಇಲ್ಲ. ಆದ್ದರಿಂದ ಮಿರಾಕಲ್ ‘ಲಾಂಗ್’ ಎಂಬ ಹೆಸರನ್ನು ನಂಬಿ ಕೂರುವುದಿಲ್ಲ. ತನ್ನದೇ ಒಂದು ಹೆಸರಿಟ್ಟುಕೊಂಡು, ಆ ಹೆಸರು ಈ ಯಂತ್ರದಲ್ಲಿ ಯಾವ ಬಗೆಯ ಸಂಖ್ಯೆಯನ್ನು ಸೂಚಿಸಬೇಕೆಂದು ಮಿರ್‌ಡೆಫ್.ಎಚ್‌ನ ಒಂದು ಸಾಲಿನಲ್ಲಿ ನಿಗದಿ ಮಾಡುತ್ತದೆ. 32 ಬಿಟ್ ಯಂತ್ರಕ್ಕೆ ಒಂದು, 64 ಬಿಟ್ ಯಂತ್ರಕ್ಕೆ ಇನ್ನೊಂದು ಎಂದು ಸಿದ್ಧ ಮಿರ್‌ಡೆಫ್‌ಗಳೂ ಲೈಬ್ರರಿಯ ಜತೆಗೇ ಬರುತ್ತವೆ. ಬೇಕಾದುದನ್ನು ಆರಿಸಿ, ಹೆಸರು ಬದಲಿಸಿ ಬಳಸಿಕೊಳ್ಳಬೇಕು.

ನಿಮ್ಮ ಯಂತ್ರ ಆ ಪಟ್ಟಿಯಲ್ಲಿಲ್ಲ ಎನ್ನಿ. ಅದಕ್ಕೂ ಸ್ಕಾಟ್ ದಾರಿ ಮಾಡಿಟ್ಟಿದ್ದರು. ಕಾನ್ಫಿಗ್.ಸಿ ಎಂಬ ಪುಟ್ಟ ಪ್ರೋಗ್ರಾಮನ್ನು, ಲೈಬ್ರರಿ ಕಡೆಗೆ ಓಡಬೇಕಾದ ಯಂತ್ರದ ಮೇಲೆಯೇ, ಅದರದೇ ಕಂಪೈಲರಿನಿಂದ, ಆಪ್ಟಿಮೈಸೇಷನ್ ಹಾಕದೆ ಕಂಪೈಲ್ ಮಾಡಿ ಓಡಿಸಬೇಕು. ಅದು ಮೊದಲು ಯಂತ್ರವನ್ನು ತಾನೇ ಅಳೆಯುತ್ತದೆ: ಇಂಟ್ ಎಷ್ಟು ಬಿಟ್, ಬೈಟುಗಳ ಕ್ರಮ ಯಾವುದು. ಆಮೇಲೆ ಎದುರಿಗೆ ಕೂತವರನ್ನು ಒಂದೊಂದಾಗಿ ಕೇಳುತ್ತದೆ. ಅಸೆಂಬ್ಲಿ ಬೇಡವೇ, ಬರೀ ಸಿ ಸಾಕೇ? ಭಿನ್ನರಾಶಿಯ ಲೆಕ್ಕದ ಭಾಗ ಬೇಕೇ? ಒಂದೇ ಹೊತ್ತಿಗೆ ಹಲವು ಥ್ರೆಡ್‌ಗಳು ಲೈಬ್ರರಿಯನ್ನು ಬಳಸಲಿವೆಯೇ? ಉತ್ತರಗಳೆಲ್ಲ ಸಿಕ್ಕ ಮೇಲೆ ಎರಡು ಫೈಲು ಬರೆದುಕೊಡುತ್ತದೆ: ಒಂದು ಮಿರ್‌ಡೆಫ್‌ನ ಕರಡು, ಇನ್ನೊಂದು ಯಾವ ಯಾವ ಮಾಡ್ಯೂಲ್‌ಗಳನ್ನು ಕಂಪೈಲ್ ಮಾಡಬೇಕೆಂಬ ಪಟ್ಟಿ. ಕರಡಿಗೆ ನೇರವಾಗಿ ಅಂತಿಮ ಹೆಸರು ಇಡದಿರುವುದರಲ್ಲಿ ಒಂದು ವಿವೇಕವಿದೆ. ಮನುಷ್ಯರೊಬ್ಬರು ಅದನ್ನು ಓದಿ, ಒಪ್ಪಿ, ಹೆಸರು ಬದಲಿಸಿದರೆ ಮಾತ್ರ ಅದು ಜಾರಿಗೆ ಬರುತ್ತದೆ.

4 ಕಿಲೋಬೈಟ್‌ನಲ್ಲಿ ಸಂಸಾರ

ಈ ಎಚ್ಚರಿಕೆಯ ಫಲ ಕಂಡದ್ದು ತೀರ ಬಡ ಯಂತ್ರಗಳಲ್ಲಿ. ಹೊಲದ ತೇವಾಂಶ, ಕಟ್ಟಡದ ಬಿರುಕು, ಕಾರ್ಖಾನೆಯ ಉಷ್ಣಾಂಶ ಅಳೆದು ರೇಡಿಯೊ ಮೂಲಕ ಕಳಿಸುವ ಸಂವೇದಕಗಳು 2000ದ ದಶಕದಲ್ಲಿ ಸಂಶೋಧಕರ ಗಮನ ಸೆಳೆದಿದ್ದವು. ಅವುಗಳಲ್ಲೊಂದು ಮೈಕಾ2. ಅದರೊಳಗಿನ 8 ಬಿಟ್‌ನ ಚಿಪ್ಪಿಗಿದ್ದ ಕೆಲಸದ ಮೆಮೊರಿ 4 ಕಿಲೋಬೈಟ್ ಮಾತ್ರ. ಇನ್ನೊಂದು ಟಿಮೋಟ್ ಸ್ಕೈ, ಎಂಎಸ್‌ಪಿ430 ಎಂಬ 16 ಬಿಟ್ ಚಿಪ್‌ನದು, 10 ಕಿಲೋಬೈಟ್‌ನದು. ಇಷ್ಟರಲ್ಲಿ ದೀರ್ಘವೃತ್ತೀಯ ವಕ್ರರೇಖೆಯ ಗೂಢಲಿಪಿ ನಡೆಯುವುದೇ? ಡಬ್ಲಿನ್ ಸಿಟಿ ವಿಶ್ವವಿದ್ಯಾಲಯದ ಸಂಶೋಧಕರು ಬ್ರೆಜಿಲ್‌ನ ಸಹಲೇಖಕರ ಜತೆ 2008ರಲ್ಲಿ ಪ್ರಕಟಿಸಿದ ನ್ಯಾನೊಇಸಿಸಿ ಎಂಬ ಕೆಲಸ, ನಡೆಯುತ್ತದೆ ಎಂದು ತೋರಿಸಿತು. ಅದರ ಅಡಿಪಾಯ ಮಿರಾಕಲ್.

ಇಂಥ ಚಿಪ್ಪಿನಲ್ಲಿ ಮೆಮೊರಿಯನ್ನು ಬೇಕೆನಿಸಿದಾಗ ಕೇಳಿ ಪಡೆಯುವ ಅನುಕೂಲವಿಲ್ಲ. ಎಲ್ಲವನ್ನೂ ಮೊದಲೇ ಅಳೆದಿಡಬೇಕು. ಮಿರ್‌ಡೆಫ್.ಎಚ್‌ನಲ್ಲಿ ಎಂಆರ್_ಸ್ಟಾಟಿಕ್ ಎಂಬ ಸಾಲು ಇರುವುದು ಅದಕ್ಕಾಗಿ. ಒಂದು ದೊಡ್ಡ ಸಂಖ್ಯೆಗೆ ಗರಿಷ್ಠ ಎಷ್ಟು ಪದ ಬೇಕು ಎಂಬುದನ್ನು ಅದು ಕಂಪೈಲ್ ಹೊತ್ತಿಗೇ ಗಟ್ಟಿ ಮಾಡುತ್ತದೆ. 160 ಬಿಟ್‌ನ ಸಂಖ್ಯೆಗೆ 8 ಬಿಟ್ ಯಂತ್ರದಲ್ಲಿ ಅದು 20, 16 ಬಿಟ್ ಯಂತ್ರದಲ್ಲಿ 10, 32 ಬಿಟ್ ಯಂತ್ರದಲ್ಲಿ 5. ಫೈಲ್ ಓದುವ-ಬರೆಯುವ ಭಾಗವನ್ನು ತೆಗೆಯಲು ಒಂದು ಸಾಲು, ದೋಷ ಸಂದೇಶಗಳ ವಾಕ್ಯಗಳನ್ನು ಕಿತ್ತುಹಾಕಲು ಮತ್ತೊಂದು. ಇಲ್ಲಿ ಒಂದೊಂದು ಸಾಲೂ ಬೈಟುಗಳ ಉಳಿತಾಯ. ಅದೇ ಗಣಿತ, ಅದೇ ಲೈಬ್ರರಿ. ಸರ್ವರಿಗೂ ಸಂವೇದಕಕ್ಕೂ ನಡುವಿನ ಅಂತರವನ್ನು ತುಂಬಿದ್ದು ಸೆಟ್ಟಿಂಗ್.

ಒಂದು ಸ್ವಿಚ್, ಎರಡು ವರ್ಷ

ಸೆಟ್ಟಿಂಗ್ ಫೈಲನ್ನು ನೋಡಿಕೊಳ್ಳುವುದು ಕಿರಿಯರ ಕೆಲಸ, ನಿಜವಾದ ಕೆಲಸಕ್ಕೆ ಮುನ್ನಿನ ಗೋಜು ಎಂಬ ಭಾವನೆ ಸಾಫ್ಟ್‌ವೇರ್ ಕಚೇರಿಗಳಲ್ಲಿ ಬಲವಾಗಿದೆ. ಗೂಢಲಿಪಿಯ ಇತಿಹಾಸ ಅದನ್ನು ಮತ್ತೆ ಮತ್ತೆ ಸುಳ್ಳು ಮಾಡಿದೆ.

ಡೆಬಿಯನ್ ಲಿನಕ್ಸ್‌ನ ಪ್ರಕರಣ ಎಲ್ಲಕ್ಕಿಂತ ಪ್ರಸಿದ್ಧ. 2006ರಲ್ಲಿ, ಮೆಮೊರಿ ಪರೀಕ್ಷಿಸುವ ಉಪಕರಣವೊಂದು ಓಪನ್‌ಎಸ್‌ಎಸ್‌ಎಲ್ ಎಂಬ ಗೂಢಲಿಪಿ ಲೈಬ್ರರಿಯ ಬಗ್ಗೆ ಎಚ್ಚರಿಕೆಗಳನ್ನು ಕೊಡುತ್ತಿತ್ತು. ಅದನ್ನು ನಿಲ್ಲಿಸಲು ಯಾದೃಚ್ಛಿಕ ಸಂಖ್ಯೆ ಹುಟ್ಟಿಸುವ ಕೋಡಿನ ಎರಡು ಸಾಲುಗಳನ್ನು ಡೆಬಿಯನ್ ಆವೃತ್ತಿಯಲ್ಲಿ ತೆಗೆದುಹಾಕಲಾಯಿತು. ನೋಡಲು ಎರಡೂ ಸಾಲು ಒಂದೇ ಥರ. ಆದರೆ ಒಂದರ ಸುತ್ತ ‘ಪ್ಯೂರಿಫೈ’ ಎಂಬ ಬಿಲ್ಡ್ ಸ್ವಿಚ್ಚಿನ ಬೇಲಿಯಿತ್ತು: ಪರೀಕ್ಷೆಯ ಹೊತ್ತಿನಲ್ಲಿ ಈ ಸಾಲನ್ನು ಬಿಡಬಹುದು ಎಂದು ಮೂಲ ಲೇಖಕರೇ ಗುರುತು ಹಾಕಿಟ್ಟಿದ್ದರು. ಇನ್ನೊಂದಕ್ಕೆ ಬೇಲಿ ಇರಲಿಲ್ಲ. ಬೀಜಸಂಖ್ಯೆಗಳನ್ನು ಒಳಗೆ ಸೇರಿಸುತ್ತಿದ್ದದ್ದು ಅದೇ. ಅದು ಹೋದ ಮೇಲೆ ಕೀಲಿಯ ಯಾದೃಚ್ಛಿಕತೆಗೆ ಉಳಿದದ್ದು ಪ್ರೋಗ್ರಾಮಿನ ಪ್ರೋಸೆಸ್ ಸಂಖ್ಯೆ ಮಾತ್ರ. ಅದರ ಸಾಧ್ಯತೆಗಳು ಸುಮಾರು 32 ಸಾವಿರ. 2008ರ ಮೇ ತಿಂಗಳಲ್ಲಿ ಲೂಸಿಯಾನೊ ಬೆಲ್ಲೊ ಇದನ್ನು ಪತ್ತೆ ಹಚ್ಚಿ ಹೊರಗೆಡಹುವ ಹೊತ್ತಿಗೆ ಎರಡು ವರ್ಷದ ಹತ್ತಿರವಾಗಿತ್ತು. ಆ ಅವಧಿಯಲ್ಲಿ ಡೆಬಿಯನ್ ಮತ್ತು ಅದರ ಸಂತಾನವಾದ ಉಬುಂಟು ಯಂತ್ರಗಳಲ್ಲಿ ಈ ಲೈಬ್ರರಿಯಿಂದ ಹುಟ್ಟಿದ ಕೀಲಿಗಳನ್ನೆಲ್ಲ ಎಸೆದು ಹೊಸದು ಮಾಡಬೇಕಾಯಿತು. ಬೇಲಿ ಇದ್ದ ಸಾಲು ಮತ್ತು ಇಲ್ಲದ ಸಾಲಿನ ನಡುವಿನ ವ್ಯತ್ಯಾಸವನ್ನು ಓದಬಲ್ಲ ಒಂದು ಜತೆ ಕಣ್ಣು ಸಾಕಿತ್ತು.

2014ರ ಹಾರ್ಟ್‌ಬ್ಲೀಡ್ ಎಂಬ ಭದ್ರತಾ ದೋಷ ಇದರ ಇನ್ನೊಂದು ಮುಖ. ಸಂಪರ್ಕ ಜೀವಂತವಾಗಿದೆಯೇ ಎಂದು ಕೇಳುವ ಹಾರ್ಟ್‌ಬೀಟ್ ಎಂಬ ಸೌಲಭ್ಯ ಓಪನ್‌ಎಸ್‌ಎಸ್‌ಎಲ್ 1.0.1ರಲ್ಲಿ ಸೇರಿತ್ತು, ಅದು ಬೇಕಿಲ್ಲದವರ ಬಿಲ್ಡ್‌ನಲ್ಲೂ ತಾನಾಗಿಯೇ ಚಾಲೂ ಇತ್ತು. ಅದರಲ್ಲಿದ್ದ ಒಂದು ಕೊರತೆಯಿಂದ ಸರ್ವರಿನ ಮೆಮೊರಿಯ 64 ಕಿಲೋಬೈಟ್‌ವರೆಗಿನ ತುಣುಕು ಪ್ರತಿ ಬಾರಿ ಸೋರಬಹುದಿತ್ತು. ಏಪ್ರಿಲ್ 7ರಂದು ಓಪನ್‌ಎಸ್‌ಎಸ್‌ಎಲ್ ಯೋಜನೆಯವರು ಕೊಟ್ಟ ಸೂಚನೆಯಲ್ಲಿ ಎರಡು ದಾರಿಗಳಿದ್ದವು. ಹೊಸ ಆವೃತ್ತಿಗೆ ಬನ್ನಿ, ಆಗದಿದ್ದರೆ ಹಾರ್ಟ್‌ಬೀಟ್ ಬೇಡ ಎಂಬ ಒಂದು ಸ್ವಿಚ್ ಹಾಕಿ ಮತ್ತೆ ಕಂಪೈಲ್ ಮಾಡಿ. ಆ ಸ್ವಿಚ್ ಮೊದಲ ದಿನದಿಂದಲೂ ಇತ್ತು. ಅದನ್ನು ಒತ್ತುವ ಯೋಚನೆ ಹೆಚ್ಚಿನವರಿಗೆ ಬಂದಿರಲಿಲ್ಲ, ಅಷ್ಟೆ.

ಮೂರನೆಯ ಕಥೆಯ ಹಿನ್ನೆಲೆಯಲ್ಲಿ ಮತ್ತೆ ಡಬ್ಲಿನ್ ಬರುತ್ತದೆ. 1990ರ ದಶಕದಲ್ಲಿ ಅಮೆರಿಕ ತನ್ನ ಬಲವಾದ ಗೂಢಲಿಪಿ ಸಾಫ್ಟ್‌ವೇರನ್ನು ಹೊರದೇಶಗಳಿಗೆ ಮಾರಲು ಬಿಡುತ್ತಿರಲಿಲ್ಲ. ರಫ್ತಿಗೆ ಒಪ್ಪಿಗೆಯಿದ್ದದ್ದು 40 ಬಿಟ್ ಗೂಢಲಿಪಿ, 512 ಬಿಟ್ ಆರ್‌ಎಸ್‌ಎ ಕೀಲಿಯಂಥ ದುರ್ಬಲ ಆವೃತ್ತಿಗಳಿಗೆ. ಒಂದೇ ಕೋಡಿನಿಂದ ಎರಡು ಬಿಲ್ಡ್: ಮನೆಯವರಿಗೆ ಗಟ್ಟಿ ಬೀಗ, ಪರದೇಶಿಗಳಿಗೆ ಸಡಿಲ ಬೀಗ. ಈ ನಿರ್ಬಂಧದ ಹೊರಗಿದ್ದ ದೇಶಗಳ ಕಂಪನಿಗಳು ಆಗ ಬೆಳೆದವು, ಡಬ್ಲಿನ್ನಿನ ಬಾಲ್ಟಿಮೋರ್ ಟೆಕ್ನಾಲಜೀಸ್ ಅವುಗಳಲ್ಲಿ ಮುಂಚೂಣಿಯದು. 1998ರ ಸೆಪ್ಟೆಂಬರಿನಲ್ಲಿ ಅಮೆರಿಕದ ಅಧ್ಯಕ್ಷ ಬಿಲ್ ಕ್ಲಿಂಟನ್ ಮತ್ತು ಐರ್ಲೆಂಡ್ ಪ್ರಧಾನಿ ಬರ್ಟಿ ಅಹರ್ನ್ ಇ-ವಾಣಿಜ್ಯದ ಜಂಟಿ ಪ್ರಕಟಣೆಗೆ ಡಿಜಿಟಲ್ ಸಹಿ ಹಾಕಿದ್ದು ಈ ಐರಿಷ್ ಕಂಪನಿಯ ತಂತ್ರಜ್ಞಾನದಿಂದ.

2000ದಲ್ಲಿ ರಫ್ತು ನಿಯಮ ಸಡಿಲಾಯಿತು. ಕೋಡಿನೊಳಗಿನ ಸಡಿಲ ಬೀಗ ಮಾತ್ರ ಉಳಿದೇಬಿಟ್ಟಿತು. ಯಾರೂ ಬಳಸದ, ಯಾರೂ ತೆಗೆಯದ ಆಯ್ಕೆಯಾಗಿ ಹದಿನೈದು ವರ್ಷ ಬಿಲ್ಡ್‌ಗಳಲ್ಲಿ ಸಾಗಿ ಬಂತು. 2015ರ ಫ್ರೀಕ್ ದಾಳಿ ತೋರಿಸಿದ್ದು ಅದನ್ನೇ: ಮಧ್ಯದಲ್ಲಿ ಕೂತವನು ಎರಡೂ ಕಡೆಯವರನ್ನು ಆ ಹಳೆಯ 512 ಬಿಟ್ ಕೀಲಿಗೆ ಇಳಿಸಬಹುದಿತ್ತು. 2016ರ ಮಾರ್ಚ್ 1ರಂದು ಬಂದ ಓಪನ್‌ಎಸ್‌ಎಸ್‌ಎಲ್ 1.0.2ಜಿ ಆವೃತ್ತಿ ಡೀಫಾಲ್ಟ್ ಅನ್ನೇ ತಿರುಗಿಸಿತು. ದುರ್ಬಲ ಗೂಢಲಿಪಿ ಬೇಕೆನ್ನುವವರು ಕಾನ್ಫಿಗರ್ ಮಾಡುವಾಗ ಬಾಯಿಬಿಟ್ಟು ಕೇಳಬೇಕು, ಕೇಳದವರಿಗೆ ಅದು ಇಲ್ಲ.

ಸ್ವಿಚ್‌ಗಳ ಕಾಡು

ಹಾಗಾದರೆ ಎಲ್ಲಕ್ಕೂ ಸ್ವಿಚ್ ಇಟ್ಟರೆ ಆಯಿತಲ್ಲ? ಅಲ್ಲೊಂದು ಲೆಕ್ಕದ ತೊಡಕಿದೆ. 20 ಸ್ವಿಚ್‌ಗಳಿದ್ದರೆ ಸಾಧ್ಯವಿರುವ ಬಿಲ್ಡ್‌ಗಳು 10,48,576. ಎಲ್ಲವನ್ನೂ ಪರೀಕ್ಷಿಸಿ ನೋಡುವವರಾರು? ದೊಡ್ಡ ಲೈಬ್ರರಿಗಳಲ್ಲಿ ಸ್ವಿಚ್‌ಗಳು ಇದಕ್ಕಿಂತ ಬಹಳ ಹೆಚ್ಚು. ಹಾರ್ಟ್‌ಬ್ಲೀಡ್ ಆದ ಬೆನ್ನಲ್ಲೇ ಓಪನ್‌ಬಿಎಸ್‌ಡಿ ಬಳಗ ಓಪನ್‌ಎಸ್‌ಎಸ್‌ಎಲ್‌ನಿಂದ ಕವಲೊಡೆದು ಲಿಬ್ರೆಎಸ್‌ಎಸ್‌ಎಲ್ ಶುರುಮಾಡಿದಾಗ ಮೊದಲು ಕೈಹಾಕಿದ್ದು ಇದಕ್ಕೇ. ಕಾಲ ಮುಗಿದ ಯಂತ್ರಗಳಿಗಾಗಿ ಇಟ್ಟಿದ್ದ ಕವಲುಗಳನ್ನು ಕಡಿದು ಹಾಕಿದರು. ಎಂಬೆಡ್ ಟಿಎಲ್‌ಎಸ್ ಲೈಬ್ರರಿಯವರ ಹಾದಿ ಬೇರೆ. ಅಲ್ಲಿ ಚೆಕ್_ಕಾನ್ಫಿಗ್.ಎಚ್ ಎಂಬ ಹೆಡರ್ ಇದೆ, ಒಂದನ್ನೊಂದು ಒಪ್ಪದ ಆಯ್ಕೆಗಳನ್ನು ಯಾರಾದರೂ ಒಟ್ಟಿಗೆ ಹಾಕಿದರೆ ಕಂಪೈಲ್ ಅನ್ನೇ ತಡೆದು, ಏನು ತಪ್ಪಾಯಿತೆಂದು ಹೇಳುತ್ತದೆ. ತಪ್ಪು ಗ್ರಾಹಕರ ಫೋನಿನಲ್ಲಿ ಕಾಣಿಸಿಕೊಳ್ಳುವ ಬದಲು ಬರೆಯುವವರ ಮೇಜಿನ ಮೇಲೆಯೇ ಸಿಕ್ಕಿಬೀಳುತ್ತದೆ.

ಸ್ಕಾಟ್ ಅವರದು ಮತ್ತೂ ಬೇರೆ ದಾರಿ. ಶೇಮಸ್ ಕೈಯಿಂದ ಮಿರಾಕಲ್ ಮುಂದೆ ಸರ್ಟಿವಾಕ್ಸ್ ಎಂಬ ಕಂಪನಿಗೆ ಹೋಯಿತು. ಆ ಕಂಪನಿ ಕಾಲಕ್ರಮದಲ್ಲಿ ತನ್ನ ಹೆಸರನ್ನೇ ಮಿರಾಕಲ್ ಎಂದು ಬದಲಿಸಿಕೊಂಡಿತು. ಹಳೆಯ ಲೈಬ್ರರಿಯ ಅನುಭವವನ್ನೆಲ್ಲ ಹಿಂಡಿ ಬರೆದ ಹೊಸ ಪೀಳಿಗೆಯದು ಮಿರಾಕಲ್ ಕೋರ್. ಸಿ, ಜಾವಾ, ಗೋ, ರಸ್ಟ್, ಸ್ವಿಫ್ಟ್ ಮುಂತಾದ ಹಲವು ಭಾಷೆಗಳಲ್ಲಿ ಸಿಗುವ ಇದರಲ್ಲಿ ಅಸೆಂಬ್ಲಿ ಇಲ್ಲ, ಹೊರಗಿನ ಲೈಬ್ರರಿಯ ಹಂಗಿಲ್ಲ. ಹಳೆಯ ಕಾನ್ಫಿಗ್.ಸಿ ಜಾಗದಲ್ಲಿ ಪೈಥಾನ್ ಸ್ಕ್ರಿಪ್ಟ್‌ಗಳು ಬಂದಿವೆ, 16, 32, 64 ಬಿಟ್‌ಗೆ ಒಂದೊಂದು. ಓಡಿಸಿದರೆ ವಕ್ರರೇಖೆಗಳ ಪಟ್ಟಿ ಮುಂದಿಟ್ಟು, ಯಾವುದು ಬೇಕು ಎಂದು ಕೇಳುತ್ತದೆ.

ಅಲ್ಲಿನ ಹೆಡರ್‌ಗಳು ಬರೀ ಅಚ್ಚುಗಳು. ಸಿ ಭಾಷೆಯ ಫೈಲೊಂದರಲ್ಲಿ ದೊಡ್ಡ ಸಂಖ್ಯೆಯ ಹೆಸರು ‘ಬಿಗ್_ಎಕ್ಸ್ಎಕ್ಸ್ಎಕ್ಸ್’ ಎಂದಿರುತ್ತದೆ. ನೀವು 256 ಬಿಟ್‌ನ ವಕ್ರರೇಖೆಯನ್ನು 64 ಬಿಟ್ ಯಂತ್ರಕ್ಕೆ ಆರಿಸಿದರೆ ಸ್ಕ್ರಿಪ್ಟ್ ಆ ಅಚ್ಚಿನ ಪ್ರತಿ ತೆಗೆದು, ಹೆಸರನ್ನು ‘ಬಿಗ್_256_56’ ಎಂದು ತುಂಬುತ್ತದೆ. ಇನ್ನೊಂದು ವಕ್ರರೇಖೆಯನ್ನೂ ಆರಿಸಿದರೆ ಅದಕ್ಕೆ ಬೇರೆ ಹೆಸರಿನ ಬೇರೆ ಪ್ರತಿ. ಒಂದೇ ಪ್ರೋಗ್ರಾಮಿನಲ್ಲಿ ಎರಡೂ ಜಗಳವಿಲ್ಲದೆ ಇರುತ್ತವೆ. ತಪ್ಪಿ ಒಂದರ ಸಂಖ್ಯೆಯನ್ನು ಇನ್ನೊಂದರ ಫಂಕ್ಷನ್‌ಗೆ ಕೊಡಲು ಹೋದರೆ ಅಳತೆಯ ಅಂಕಿ ಹೆಸರಿನಲ್ಲೇ ಎದ್ದು ಕಾಣುತ್ತದೆ.

ಆ 56 ಎಲ್ಲಿಂದ ಬಂತು? ಯಂತ್ರದ ಪದದಲ್ಲಿ 64 ಬಿಟ್ ಜಾಗವಿದ್ದರೂ ಲೈಬ್ರರಿ ಅದರಲ್ಲಿ 56 ಬಿಟ್ ಮಾತ್ರ ತುಂಬುತ್ತದೆ. ಹೀಗಾಗಿ 256 ಬಿಟ್‌ಗೆ ನಾಲ್ಕರ ಬದಲು ಐದು ಪದ ಬೇಕು. ಜಾಗ ಸ್ವಲ್ಪ ಹೆಚ್ಚು ಹೋಗುತ್ತದೆ. ಆದರೆ ಮೇಲುಳಿದ ಖಾಲಿ ಬಿಟ್‌ಗಳಲ್ಲಿ ಕೂಡುವಾಗ ಬರುವ ದಶಕಗಳು ತಂಗುತ್ತವೆ, ಪ್ರತಿ ಸಲ ಮುಂದಿನ ಪದಕ್ಕೆ ಸಾಗಿಸಬೇಕಿಲ್ಲ. ಎಷ್ಟು ಬಿಟ್ ಖಾಲಿ ಬಿಡಬೇಕು ಎಂಬುದು ಗಣಿತದ ಪ್ರಶ್ನೆಯೂ ಹೌದು, ಯಂತ್ರದ ಪ್ರಶ್ನೆಯೂ ಹೌದು. ಅದರ ಉತ್ತರ ಬರೆದಿರುವ ಜಾಗ ಕಾನ್ಫಿಗ್_ಬಿಗ್.ಎಚ್ ಎಂಬ ಪುಟ್ಟ ಹೆಡರ್.

ಹೆಡರ್ ಕೊಟ್ಟ ಮಾತು

ಹೆಡರ್‌ನಲ್ಲಿ ಒಂದು ಸಲ ಪ್ರಕಟಿಸಿದ್ದನ್ನು ಹಿಂತೆಗೆದುಕೊಳ್ಳುವುದು ಬಲು ಕಷ್ಟ. ಓಪನ್‌ಎಸ್‌ಎಸ್‌ಎಲ್ ಬಹುಕಾಲ ತನ್ನ ಒಳಗಿನ ರಚನೆಗಳನ್ನೆಲ್ಲ ಹೆಡರ್‌ನಲ್ಲಿ ತೆರೆದಿಟ್ಟಿತ್ತು. ಆರ್‌ಎಸ್‌ಎ ಕೀಲಿಯ ಒಳಗಿನ ಸಂಖ್ಯೆಗಳನ್ನು ಯಾರು ಬೇಕಾದರೂ ನೇರವಾಗಿ ಮುಟ್ಟಬಹುದಿತ್ತು. ಮುಟ್ಟಿದರು ಕೂಡ, ಸಾವಿರಾರು ಪ್ರೋಗ್ರಾಂಗಳಲ್ಲಿ. ಒಳಗಿನ ಒಂದು ಇಟ್ಟಿಗೆ ಕದಲಿಸಿದರೂ ಹೊರಗೆ ಎಲ್ಲೋ ಗೋಡೆ ಬಿರುಕು ಬಿಡುವ ಸ್ಥಿತಿ. 2016ರ ಆಗಸ್ಟ್‌ನಲ್ಲಿ ಬಂದ 1.1.0 ಆವೃತ್ತಿ ಆ ರಚನೆಗಳನ್ನು ಒಳಕ್ಕೆ ಸರಿಸಿ ಬಾಗಿಲು ಹಾಕಿತು. ಬೇಕಾದುದನ್ನು ಫಂಕ್ಷನ್ ಮೂಲಕ ಕೇಳಿ ಪಡೆಯಬೇಕೆಂದಿತು. ಹಳೆಯ ತೆರೆದ ರಚನೆಗಳನ್ನು ನಂಬಿದ್ದ ಪ್ಯಾಕೇಜುಗಳನ್ನು ಒಂದೊಂದಾಗಿ ತಿದ್ದುವ ಶ್ರಮ ಲಿನಕ್ಸ್ ಬಳಗಗಳ ಮೇಲೆ ಬಿತ್ತು. ಅದೇ ಶ್ರಮದಿಂದಾಗಿ ಒಳಗನ್ನು ಸ್ವತಂತ್ರವಾಗಿ ರಿಪೇರಿ ಮಾಡುವ ಅವಕಾಶ ಲೈಬ್ರರಿಗೆ ದಕ್ಕಿತು.

ಈ ಪಾಠ ಕಲಿತ ಮೇಲೆ ಬರೆದ ಹೆಡರ್‌ಗಳಲ್ಲಿ ಒಂದು ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನ ನಂಟಿನದು. ಅಲ್ಲಿನ ಸ್ಟೀಫನ್ ಫ್ಯಾರೆಲ್ ಹಿಂದೆ ಬಾಲ್ಟಿಮೋರ್‌ನಲ್ಲಿ ಕೆಲಸ ಮಾಡಿದವರು. ಇಂಟರ್ನೆಟ್ ಮಾನದಂಡ ರೂಪಿಸುವ ಐಇಟಿಎಫ್‌ನ ಭದ್ರತಾ ವಿಭಾಗದ ನಿರ್ದೇಶಕರಲ್ಲಿ ಒಬ್ಬರಾಗಿದ್ದವರು. ಜನರ ಮೇಲಿನ ಸಾರ್ವತ್ರಿಕ ಕಣ್ಗಾವಲನ್ನು ದಾಳಿಯೆಂದೇ ಪರಿಗಣಿಸಬೇಕೆಂದು ಸಾರಿದ 2014ರ ಆರ್‌ಎಫ್‌ಸಿ 7258ರ ಸಹಲೇಖಕರು. ನೀವು ಯಾವ ಜಾಲತಾಣಕ್ಕೆ ಹೋಗುತ್ತಿದ್ದೀರಿ ಎಂಬ ಹೆಸರೂ ಮಧ್ಯದವರಿಗೆ ಕಾಣದಂತೆ ಮುಚ್ಚುವ ಇಸಿಎಚ್ ಎಂಬ ವಿಧಾನವನ್ನು ಓಪನ್‌ಎಸ್‌ಎಸ್‌ಎಲ್‌ಗೆ ತರುವ ಕೆಲಸದಲ್ಲಿ ಅವರು ತೊಡಗಿದರು. ಅದಕ್ಕೆ ಬೇಕಾದ ಎಚ್‌ಪಿಕೆಇ ಎಂಬ ಗೂಢಲಿಪಿ ಭಾಗ 2023ರ ನವೆಂಬರಿನ 3.2 ಆವೃತ್ತಿಯಲ್ಲಿ ಅಧಿಕೃತವಾಗಿ ಸೇರಿತು, ಎಚ್‌ಪಿಕೆಇ.ಎಚ್ ಎಂಬ ಸಾರ್ವಜನಿಕ ಹೆಡರ್ ಸಮೇತ. ಅದರಲ್ಲಿ ಒಳರಚನೆಯ ವಿವರ ಹೊರಗೆ ಕಾಣುವುದಿಲ್ಲ. ಸಂದರ್ಭವೊಂದನ್ನು ತೆರೆ, ಮೊಹರು ಹಾಕು, ಮೊಹರು ಬಿಚ್ಚು ಎಂಬಂಥ ಕೆಲವೇ ಫಂಕ್ಷನ್‌ಗಳು ಹೊರಮುಖದಲ್ಲಿವೆ. ಎಲ್ಲ ಹೆಸರುಗಳಿಗೂ ಒಂದೇ ಪೂರ್ವಾಕ್ಷರವಿರುವುದರಿಂದ ಬೇರೆ ಲೈಬ್ರರಿಯ ಹೆಸರಿಗೆ ಡಿಕ್ಕಿ ಹೊಡೆಯುವ ಪ್ರಸಂಗ ಬರುವುದಿಲ್ಲ.

ಹೆಡರ್ ಮತ್ತು ಬಿಲ್ಡ್ ನೋಡಿಕೊಳ್ಳುವ ಈ ಕೆಲಸಕ್ಕೆ ಈಗ ಹೊಸ ಒತ್ತಡ ಬಂದಿದೆ. ಕ್ವಾಂಟಂ ಕಂಪ್ಯೂಟರಿಗೂ ಬಗ್ಗದಂಥ ವಿಧಾನಗಳಲ್ಲಿ ಎಂಎಲ್-ಕೆಇಎಂ ಅನ್ನು ಅಮೆರಿಕದ ಮಾನಕ ಸಂಸ್ಥೆ 2024ರ ಆಗಸ್ಟ್‌ನಲ್ಲಿ ಅಂತಿಮಗೊಳಿಸಿತು. 2025ರ ಏಪ್ರಿಲ್‌ನಲ್ಲಿ ಬಂದ ಓಪನ್‌ಎಸ್‌ಎಸ್‌ಎಲ್ 3.5ರಲ್ಲಿ ಅದು ಸೇರಿದೆ, ಬೇಡದವರು ಬಿಟ್ಟುಬಿಡಲು ಒಂದು ಬಿಲ್ಡ್ ಸ್ವಿಚ್ ಕೂಡ ಇದೆ. ಈ ಆವೃತ್ತಿಗೆ 2030ರ ಏಪ್ರಿಲ್‌ವರೆಗೆ ಬೆಂಬಲ ಕೊಡುವುದಾಗಿ ಯೋಜನೆ ಘೋಷಿಸಿದೆ. ಎಂದರೆ ಇಂದು ಹೆಡರ್‌ಗೆ ಸೇರಿದ ಹೆಸರುಗಳನ್ನು ಅಲ್ಲಿಯವರೆಗೆ ಕಾಯಬೇಕು. ಇಂದು ಬಳಕೆಯಲ್ಲಿರುವ ಎಕ್ಸ್25519 ವಿಧಾನದಲ್ಲಿ ಸಾರ್ವಜನಿಕ ಕೀಲಿಯ ಗಾತ್ರ 32 ಬೈಟ್, ಎಂಎಲ್-ಕೆಇಎಂ-768ರಲ್ಲಿ 1,184 ಬೈಟ್. ಮೈಕಾ2ದಂಥ 4 ಕಿಲೋಬೈಟ್‌ನ ಯಂತ್ರದಲ್ಲಿ ಒಂದು ಕೀಲಿಯೇ ಮೆಮೊರಿಯ ಕಾಲು ಭಾಗಕ್ಕಿಂತ ಹೆಚ್ಚು ತಿಂದುಬಿಡುತ್ತದೆ. ಯಾವುದನ್ನು ಇಡಬೇಕು, ಯಾವುದನ್ನು ತೆಗೆಯಬೇಕು, ಎಷ್ಟು ಜಾಗ ಮೊದಲೇ ಕಾದಿಡಬೇಕು ಎಂಬ ಪ್ರಶ್ನೆಗಳನ್ನು ಸಣ್ಣ ಚಿಪ್‌ಗಳಿಗಾಗಿ ಬಿಲ್ಡ್ ನೋಡಿಕೊಳ್ಳುವವರು ಈಗ ಮೊದಲಿನಿಂದ ಮತ್ತೆ ಲೆಕ್ಕ ಹಾಕಬೇಕಾಗಿದೆ.